ಕಾಸರಕದ ಮರಕ್ಕೆ ಕಟ್ಟಿದ ನೂಲು

"ಇದು... ಇದು ಯಾವ ಮರ? ತಡೀರಿ ಮಕ್ಕಳೇ, ಯಾರೂ ಹೇಳಿಬಿಡಬೇಡಿ!"

ಕಣ್ಣಿಗೆ ಬಿಗಿದ ಬೈರಾಸು ವಸ್ತ್ರದೊಳಗೆ ಪೂರ್ತಿ ಕತ್ತಲೆ. ಸೇವಂತಿ ಎರಡೂ ಕೈ ಚಾಚಿ ತಡವುತ್ತಿದ್ದಳು. ಒರಟು ಒರಟಾಗಿ ಏನೋ ಕೈಗೆ ಸಿಕ್ಕಿತು. ಆದರೆ ಮರದ ತೊಗಟೆ ಇಷ್ಟು ಬೆಚ್ಚಗಿರುವುದುಂಟೇ? ಅದರೊಳಗೆ ಏನೋ ಡವಡವ ಬಡಿದುಕೊಳ್ಳುತ್ತಿದೆಯಲ್ಲ!

ಮಕ್ಕಳು ಗೊಳ್ಳೆಂದು ನಕ್ಕರು.

"ಮರ ಅಲ್ಲ ಟೀಚರ್, ಮನುಷ್ಯ," ಎಂದಿತು ಮರ.

ಸೇವಂತಿ ಬೈರಾಸು ಕಿತ್ತೆಸೆದಳು. ಎದುರಿಗೆ ಹೆಗಲ ಮೇಲೆ ಕಂಬಳಿ ಹೊದ್ದ ಎತ್ತರದ ಗಂಡಸು. ಅವಳ ಅಂಗೈ ಇನ್ನೂ ಅವನ ಎದೆಯ ಮೇಲೇ ಇತ್ತು! ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆದುಕೊಂಡಳು.

ಅವನು ಮಾತ್ರ ನಗಲಿಲ್ಲ.

"ಇದೆಂತ ಶಾಲೆಯಾ, ಸಂತೆಯಾ? ನಮ್ಮ ಗುಡ್ಡೆಯಲ್ಲಿ ಮಕ್ಕಳನ್ನು ಹೀಗೆ ಓಡಿಸ್ಲಿಕ್ಕೆ ಯಾರು ಹೇಳಿದ್ದು ನಿಮಗೆ? ಬೊಬ್ಬೆಗೆ ಹೆದರಿ ನಮ್ಮ ದನ ಹಗ್ಗ ಕಿತ್ತುಕೊಂಡು ಓಡಿದೆ!"

"ಇದು ಡ್ರಿಲ್ ಪೀರಿಯಡ್..."

"ಡ್ರಿಲ್ಲು ಅಂದ್ರೆ ಕೈ ಮೇಲೆ, ಕೈ ಕೆಳಗೆ. ಮರ ತಬ್ಬಿಕೊಳ್ಳುದು ಯಾವ ಊರಿನ ಡ್ರಿಲ್ಲು ಮಾರಾಯ್ರೆ?"

ಸೇವಂತಿಗೆ ನಾಚಿಕೆ ಹೋಗಿ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ, ಮಾತು ಹರಿತವಾಗುತ್ತದೆ.

"ಕೈ ಮೇಲೆ, ಕೈ ಕೆಳಗೆ ಮಾಡ್ಲಿಕ್ಕೆ ಅಂಗಳ ಬೇಕು. ನಿಮ್ಮೂರ ಶಾಲೆಗೆ ಅಂಗಳ ಎಲ್ಲುಂಟು? ಒಂದು ಬದಿ ಗುಡ್ಡೆ, ಒಂದು ಬದಿ ಹೊಳೆ! ಇವರು ಮರದ ಸಂಗಡವೇ ಓಡಬೇಕು. ಓಡಿ ಓಡಿ ಮುಟ್ಟಿದರೆ ಮರದ ಗುರ್ತ ಆಗ್ತದೆ. ಗುರ್ತ ಇದ್ದವರ ಮೇಲೆ ಯಾರಾದ್ರೂ ಕತ್ತಿ ಎತ್ತುತ್ತಾರಾ?"

ಅವನ ಸೊಂಟದಲ್ಲಿ ಸೊಪ್ಪು ಕಡಿಯುವ ಕತ್ತಿ ತೂಗುತ್ತಿತ್ತು. ಅವನ ಕೈ ತಾನಾಗಿಯೇ ಅದನ್ನು ಮುಚ್ಚಿತು.

"ಮಾವಾ," ಎನ್ನುತ್ತ ಪುಟ್ಟ ಹುಡುಗಿಯೊಬ್ಬಳು ಅವನ ಕಂಬಳಿ ಜಗ್ಗಿದಳು. "ನಾನು ಕಣ್ಣು ಮುಚ್ಚಿ ಹಲಸು ಹೇಳಿದೆ, ಮಾವಿನಮರ ಹೇಳಿದೆ. ನಿಮಗೆ ಬರ್ತದಾ?"

ಅವಳು ಪೂವಮ್ಮ, ತಾಯಿಯಿಲ್ಲದ ಮಗು. ಅವನು ಅವಳ ಸೋದರಮಾವ ತೀರ್ಥರಾಮ. ಗುತ್ತಿಗಾರಿನಿಂದ ಕೊಲ್ಲಮೊಗ್ರಿಗೆ ಹೋಗುವ ದಾರಿಯ ಮೇಲಿನ ಆ ಹಳ್ಳಿಯಲ್ಲಿ, ಶಾಲೆಯ ಹಿಂದಿನ ಗುಡ್ಡೆ ಅವನ ಮನೆಯದೇ.

"ಆಡಿಕೊಳ್ಳಿ," ಎಂದು ಗೊಣಗಿ ಹೊರಟುಹೋದ. ಹೋಗುವಾಗ ತಿರುಗಿ ನೋಡಿದ. ಒಂದು ಸಲವಲ್ಲ, ಎರಡು ಸಲ. ಸೇವಂತಿಗೆ ಗೊತ್ತಾಯಿತು, ಏಕೆಂದರೆ ಅವಳೂ ನೋಡುತ್ತಿದ್ದಳು!

ಅದು ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯ ಜೂನ್. ಸೇವಂತಿ ಪುತ್ತೂರಿನ ದರ್ಬೆಯವಳು. ಕಿರಿಯ ಪ್ರಾಥಮಿಕ ಶಾಲೆಯ ಕೆಲಸ ಸಿಕ್ಕಿ, ಟ್ರಂಕು ಹೊತ್ತುಕೊಂಡು ಈ ಕಾಡಿನಂಚಿಗೆ ಬಂದಿದ್ದಳು. ಮಕ್ಕಳು ದಿನಾ ಮರ ನೋಡುತ್ತಾರೆ, ಆದರೆ ದಾರಿಯಲ್ಲಿ ಹೋಗುವಾಗ ಸುಮ್ಮನೆ ಎಳೆಯ ಗಿಡದ ತಲೆ ಚಿವುಟುತ್ತಾರೆ, ತೊಗಟೆ ಸುಲಿಯುತ್ತಾರೆ. ಬೈದರೆ ಕೇಳುವುದಿಲ್ಲ. ಆಗ ಅವಳಿಗೆ ಹೊಳೆದದ್ದು 'ಮರ ಮುಟ್ಟಿ ಬಾ' ಆಟ. ಅವಳು ಹೆಸರು ಕೂಗಿದರೆ ಮಕ್ಕಳು ಓಡಿ ಹೋಗಿ ಆ ಮರ ಮುಟ್ಟಿ ಬರಬೇಕು. ಗುರ್ತ ಬಲಿತ ಮೇಲೆ, ಒಬ್ಬೊಬ್ಬರಿಗೆ ಒಂದೊಂದು ಗೆಳೆಯ ಮರ. ಕುಂಞಿ ಮೋನುವಿನ ಅಂಗಡಿಯಿಂದ ತಂದ ನೂಲಿನ ಉಂಡೆ ಬಿಚ್ಚಿ, ಮಗು ತನ್ನ ಗೆಳೆಯನಿಗೆ ಒಂದು ಸುತ್ತು ನೂಲು ಕಟ್ಟಬೇಕು. ಬೆಳಿಗ್ಗೆ ಓಡಿ ಹೋಗಿ ಅದರ ಬುಡದ ಬಳ್ಳಿ ಬಿಡಿಸಿ, ಗೆದ್ದಲಿದ್ದರೆ ಕೆರೆದು, ಮತ್ತೆ ಓಡಿ ಬರಬೇಕು. ಅದೇ ವ್ಯಾಯಾಮ, ಅದೇ ಪಾಠ.

ಎಲ್ಲರೂ ಮಾವು, ಹಲಸು, ನೇರಳೆಗೆ ಮುಗಿಬಿದ್ದರು. ಪೂವಮ್ಮ ಮಾತ್ರ ಒಂದು ಬೂದು ಬಣ್ಣದ ಮರದ ಹತ್ತಿರ ನಿಂತಿದ್ದಳು.

"ಅದು ಕಾಸರಕ ಟೀಚರ್! ವಿಷ!" ಮಕ್ಕಳು ಕೂಗಿದರು.

"ಅದಕ್ಕೇ ಅದಕ್ಕೆ ಯಾರೂ ಗೆಳೆಯರಿಲ್ಲ," ಎಂದಳು ಪೂವಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. "ನಾನು ಆಗ್ತೇನೆ."

ಸೇವಂತಿಯ ಎದೆ ಕರಗಿತು. "ಆಗು ಮಗಾ. ಅದರ ಹಣ್ಣು ತಿನ್ನಲು ಮಂಗಟ್ಟೆ ಹಕ್ಕಿ ಬರ್ತದೆ. ನಮಗೆ ವಿಷವಾದ್ರೆ ಅದು ಮರದ ತಪ್ಪಲ್ಲ. ಮುಟ್ಟಿದ ಮೇಲೆ ಕೈ ತೊಳೀಬೇಕು, ಬಾಯಿಗೆ ಮಾತ್ರ ಹಾಕಬಾರದು. ಅಷ್ಟೇ."

ಆ ನೂಲಿನ ಗಂಟನ್ನು ಸೇವಂತಿಯೇ ಬಿಗಿ ಮಾಡಿ ಕೊಟ್ಟಳು. ಅಯ್ಯೋ, ಆಗ ಯಾರಾದರೂ ಅವಳ ಕೈ ಹಿಡಿದು ನಿಲ್ಲಿಸಿದ್ದರೆ!

ದನ ಹುಡುಕಿಕೊಂಡು ತೀರ್ಥರಾಮ ದಿನಾ ಶಾಲೆಯ ಕಡೆ ಬರತೊಡಗಿದ. ಆ ದನಕ್ಕೆ ಅಷ್ಟು ಓಡುವ ಹುಚ್ಚು ಎಲ್ಲಿಂದ ಬಂತೋ ದೇವರೇ ಬಲ್ಲ! ಬಂದವನು ಮಕ್ಕಳ ಸಂಗಡ ಓಡುತ್ತಿದ್ದ, ಸೋಲುತ್ತಿದ್ದ. ವನಮಹೋತ್ಸವಕ್ಕೆಂದು ಹೊಳೆಯ ಬದಿಗೆ ನೆಡಲು ಹೊನ್ನೆ, ನೇರಳೆ ಗಿಡಗಳನ್ನು ತಲೆಯ ಮೇಲೆ ಹೊತ್ತು ತಂದ.

"ಇದನ್ನು ನೆಟ್ರೆ ದಂಡೆ ಕುಸಿಯುದಿಲ್ಲವಾ ಟೀಚರ್?"

"ಬೇರು ಹಿಡಿದ ಮೇಲೆ ಅಲ್ವಾ? ಅಷ್ಟರವರೆಗೆ ಕಾಯಬೇಕು."

"ಕಾಯ್ತೇನೆ," ಎಂದ ಅವನು, ಗಿಡ ನೋಡದೆ, ಅವಳನ್ನು ನೋಡುತ್ತ.

ಆಟಿ, ಅಂದರೆ ಆಷಾಢದ ಅಮಾವಾಸ್ಯೆಯ ಹಿಂದಿನ ಸಂಜೆ ಹೊಳೆಬದಿಯಲ್ಲಿ ಕೊನೆಯ ಗಿಡಕ್ಕೆ ಬೇಲಿ ಕಟ್ಟುತ್ತಿದ್ದರು. ಮಕ್ಕಳು ಮನೆಗೆ ಹೋಗಿಯಾಗಿತ್ತು. ತೀರ್ಥರಾಮ ಒಮ್ಮೆ ಗುಡ್ಡೆಯ ಕಡೆ ನೋಡಿ, "ನನಗೊಂದು ಕೆಲಸ ಉಂಟು, ಬೆಳಕು ಇರುವಾಗ್ಲೇ ಹೋಗಬೇಕು," ಎಂದ.

"ಹೋಗಿ ಮತ್ತೆ."

"ಹೋಗ್ತೇನೆ." ಹೋಗಲಿಲ್ಲ. ಸೇವಂತಿ ನಕ್ಕಳು. ಮಾತಿಗೆ ಮಾತು ಬೆಳೆಯಿತು. ಕತ್ತಲಾಗುವವರೆಗೂ ಅವನು ಅಲ್ಲೇ ಇದ್ದ.

*

ಆಟಿ ಅಮಾವಾಸ್ಯೆಯ ಮದ್ದು ಆ ಕಡೆಯವರಿಗೆ ಗೊತ್ತೇ ಉಂಟು. ಕಾಗೆ ಕೂಗುವ ಮೊದಲು ಮನೆಯ ಗಂಡಸು ಹಾಲೆಮರದ ಹತ್ತಿರ ಹೋಗಬೇಕು. ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಬೆಳ್ಳುಳ್ಳಿ, ಕರಿಮೆಣಸು ಹಾಕಿ ಅರೆದ ಅದರ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ರೋಗವಿಲ್ಲ ಎಂಬ ನಂಬಿಕೆ. ಕತ್ತಲೆಯಲ್ಲಿ ಮರ ತಪ್ಪಬಾರದಲ್ಲ? ಅದಕ್ಕೆ ಹಿಂದಿನ ದಿನ ಹಗಲಲ್ಲೇ ಹೋಗಿ, ಮರ ನೋಡಿ, ಬುಡಕ್ಕೆ ನೂಲು ಕಟ್ಟಿ ಬರುತ್ತಾರೆ. ಒಂದೇ ಮರಕ್ಕೆ ನಾಲ್ಕು ಮನೆಯವರ ನೂಲು ಇರುವುದೂ ಉಂಟು.

ಸೇವಂತಿಗೆ ನೂಲಿನ ವಿಷಯ ಗೊತ್ತಿರಲಿಲ್ಲ. ದರ್ಬೆಯಲ್ಲಿ ಯಾರೋ ತೊಗಟೆ ತಂದು ಕೊಡುತ್ತಿದ್ದರು. ಕುಡಿದು ಮುಖ ಕಿವುಚಿದ್ದಷ್ಟೇ ಅವಳಿಗೆ ನೆನಪು.

ಆ ಬೆಳಿಗ್ಗೆ ಕುಂಞಿ ಮೋನು ಶಾಲೆಯ ಬಾಗಿಲಿಗೆ ಓಡಿ ಬಂದ. "ಟೀಚರೇ, ದುಗ್ಗಮ್ಮನಿಗೆ ವಿಷ ಹತ್ತಿದೆಯಂತೆ! ಹಾಲೆ ಅಂತ ಕಾಸರಕದ ತೊಗಟೆ ತಂದಿದ್ದಾರೆ. ನೂಲು ಇತ್ತಂತೆ ಮರಕ್ಕೆ! ನಾನು ಜೀಪು ತಕ್ಕೊಂಡು ಡಾಕ್ಟ್ರನ್ನು ತರ್ಲಿಕ್ಕೆ ಸುಳ್ಯಕ್ಕೆ ಹೋಗ್ತೇನೆ."

ದುಗ್ಗಮ್ಮ, ಅಂದರೆ ತೀರ್ಥರಾಮನ ತಾಯಿ.

ನೂಲು... ಕಾಸರಕ... ನನ್ನ ಕೈಯಿಂದಲೇ ಬಿಗಿದ ಗಂಟು! ಅವಳು ಕೊಡೆಯಿಲ್ಲದೆ, ಚಪ್ಪಲಿಯಿಲ್ಲದೆ ಓಡಿದಳು.

ಮನೆಯ ಹತ್ತಿರ ಬಂದರೆ ಎಲ್ಲಿಯೂ ಸದ್ದಿಲ್ಲ. ಕಷಾಯ ಅರೆದ ದುಗ್ಗಮ್ಮನೇ ಮೊದಲು ಕುಡಿದು, "ಇದು ಹಾಲೆ ಅಲ್ಲ, ಯಾರೂ ಕುಡಿಯಬೇಡಿ!" ಎಂದು ಪಾತ್ರೆ ತಳ್ಳಿದ್ದರು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದರೂ ಮೈ ಸೆಟೆಯತೊಡಗಿತ್ತು. ಕಾಸರಕದ ವಿಷ ಹಾಗೇ. ಒಂದು ಸದ್ದಾದರೂ ಸಾಕು, ಮೈ ಬಿಲ್ಲಿನಂತೆ ಬಾಗಿ ಉಸಿರು ಕಟ್ಟುತ್ತದೆ. ಕೋಳಿ ಕೂಗಿದ್ದಕ್ಕೆ ಒಮ್ಮೆ ಹಾಗಾಗಿತ್ತಂತೆ. ಈಗ ಕೋಳಿಗಳನ್ನು ಗದ್ದೆಯಾಚೆ ಸಾಗಿಸಿದ್ದರು. ತೀರ್ಥರಾಮ ಹಟ್ಟಿಯಲ್ಲಿ ಒಂದೊಂದೇ ದನದ ಕೊರಳಿನಿಂದ ಗಂಟೆ ಬಿಚ್ಚುತ್ತಿದ್ದ.

ಅವಳನ್ನು ಕಂಡವನೇ ತೋಳು ಹಿಡಿದು ಗೇಟಿನ ಆಚೆಗೆ ಎಳೆದುಕೊಂಡು ಹೋದ.

"ನಿಮ್ಮ ನೂಲು," ಎಂದ. ಪಿಸುಮಾತು. ಆದರೆ ಕಿವಿಗೆ ಕಾಯಿಸಿದ ಎಣ್ಣೆ ಹೊಯ್ದ ಹಾಗಾಯಿತು.

"ನನಗೆ... ನನಗೆ ಗೊತ್ತಿರ್ಲಿಲ್ಲ..."

"ವಿಷದ ಮರಕ್ಕೆ ನೂಲು ಕಟ್ಟಿಸ್ಲಿಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು? ನನ್ನ ಅವ್ವ ಸತ್ರೆ?"

ಸೇವಂತಿಗೆ ದೊಡ್ಡ ಬಾಯಿ ತೆಗೆದು ಅಳಬೇಕೆನಿಸಿತು. ಅತ್ತರೆ ಒಳಗಿನ ಜೀವ ಹೋಗುತ್ತದೆ! ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನಿಗೂ ಬೊಬ್ಬೆ ಹೊಡೆಯಬೇಕಿತ್ತು. ಅವನು ಗೇಟಿನ ಮರವನ್ನು ಬೆರಳು ಬೆಳ್ಳಗಾಗುವವರೆಗೆ ಹಿಡಿದುಕೊಂಡ.

"ಹೋಗಿ," ಎಂದ. "ನನ್ನ ಕಣ್ಣೆದುರು ನಿಲ್ಲಬೇಡಿ."

ದಾರಿಯ ತಿರುವಿನಲ್ಲಿ ಪೂವಮ್ಮ ಮೊಣಕಾಲಲ್ಲಿ ಮುಖ ಹುದುಗಿಸಿ ಕುಳಿತಿದ್ದಳು.

"ಟೀಚರ್, ನನ್ನ ಮರ ಅಜ್ಜಿಯನ್ನು ಕೊಲ್ತದಾ?"

ಸೇವಂತಿ ಮಗುವನ್ನು ಬಾಚಿ ತಬ್ಬಿಕೊಂಡಳು. 'ದೇವರೇ, ಆ ಜೀವ ಉಳಿಸು. ಉಳಿಸಿದರೆ ನಾನು ಇನ್ನೇನೂ ಕೇಳುವುದಿಲ್ಲ. ಅವನನ್ನೂ ಕೇಳುವುದಿಲ್ಲ.'

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಡಾಕ್ಟರು ಸೂಜಿ ಹಾಕಿದರು, ಕತ್ತಲೆ ಕೋಣೆಯಲ್ಲಿ ಮುಟ್ಟದೆ ಮಲಗಿಸಿ ಎಂದರು. ಮುದುಕಿಯ ಜೀವ ಗಟ್ಟಿ. ವಾರ ಕಳೆಯುವುದರೊಳಗೆ ಎದ್ದು ಕುಳಿತು ಗಂಜಿ ಕೇಳಿದರು.

ದೇವರು ಕೇಳಿದ್ದನ್ನು ಕೊಟ್ಟ. ಆದರೆ ಬಿಡುತ್ತೇನೆ ಎಂದದ್ದನ್ನೂ ಕಸಿದುಕೊಂಡ ನೋಡಿ!

*

ಶಾಲೆಯ ಜಗಲಿಯಲ್ಲಿ ಊರವರ ಸಭೆ. ಶಾಲಾ ಕಮಿಟಿಯ ಯಜಮಾನರು ಮೇದಪ್ಪನವರು. ಸೇವಂತಿ ಕಂಬಕ್ಕೆ ಒರಗಿ ನಿಂತಿದ್ದಳು. ತೀರ್ಥರಾಮ ಕೊನೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

"ನೀನೇ ಹೇಳು ತೀರ್ಥರಾಮ," ಎಂದರು ಮೇದಪ್ಪ. "ಆ ನೂಲು ಇರದಿದ್ರೆ ನೀನು ಆ ಮರಕ್ಕೆ ಕೈ ಹಾಕ್ತಿದ್ದೆಯಾ?"

ಸೇವಂತಿ ಅವನ ಕಡೆಗೇ ನೋಡಿದಳು. 'ಒಂದು ಮಾತು... ನನಗೋಸ್ಕರ ಒಂದೇ ಒಂದು ಒಳ್ಳೆಯ ಮಾತು...'

"ಇಲ್ಲ," ಎಂದ ಅವನು.

ಅಷ್ಟೇ. ಮುಗಿಯಿತು.

"ಕೇಳಿದಿರಲ್ಲ ಟೀಚರ್? ಇನ್ನು ಮಕ್ಕಳು ಜಗಲಿ ಇಳಿಯುವ ಹಾಗಿಲ್ಲ. ಮರಗಿರ ಎಂತದ್ದೂ ಬೇಡ. ಆ ಕಾಸರಕವನ್ನು ನಾಳೆಯೇ ಕಡಿದು ಹಾಕುದು."

"ತಪ್ಪು ನನ್ನದು," ಎಂದಳು ಸೇವಂತಿ. "ಎಂತ ಬೇಕಾದ್ರೂ ಹೇಳಿ, ಕೇಳ್ತೇನೆ. ಆದ್ರೆ ಮರ ಕಡೀಬೇಡಿ. ಅದು ಎಂತ ಮಾಡಿತು? ನಿಂತಲ್ಲಿ ನಿಂತಿತ್ತು. ಅದನ್ನು ಕಡಿದ್ರೆ, ತನ್ನ ಮರ ಅಜ್ಜಿಗೆ ವಿಷ ಹಾಕಿತು ಅಂತ ಆ ಮಗು ಸಾಯುವವರೆಗೂ ನಂಬ್ತದೆ."

ಮೇದಪ್ಪನವರು ಕಡಿಯುವ ಮಾತು ಬಿಟ್ಟರು. ಮರ ಉಳಿಯಿತು. ಆಟ ಸತ್ತಿತು.

ಆಮೇಲಿನ ವರ್ಷ ಹೇಗೆ ಕಳೆಯಿತು ಎಂದು ಕೇಳಬೇಡಿ. ಮಕ್ಕಳು ಬೆಂಚಿನ ನಡುವೆ ನಿಂತು ಕೈ ಮೇಲೆ, ಕೈ ಕೆಳಗೆ ಮಾಡಿದರು. ಹೊಳೆಬದಿಯ ಬೇಲಿ ನೋಡುವವರಿಲ್ಲದೆ ಬಿದ್ದುಹೋಗಿ, ಹೊನ್ನೆ ಗಿಡಗಳನ್ನೆಲ್ಲ ಆಡು ತಿಂದು ಮುಗಿಸಿತು. ದಾರಿಬದಿಯ ಎಳೆಯ ಗಿಡಗಳ ತಲೆ ಮತ್ತೆ ಚಿವುಟಿಹೋಗತೊಡಗಿತು. ಊರ ಬಾಯಿಗೆ ಬೀಗ ಉಂಟಾ? 'ವಿಷದ ಟೀಚರ್' ಎಂಬ ಹೆಸರು ಅಂಟಿತು. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

ಅವಳ ತಂದೆ ವೆಂಕಪ್ಪನವರು ದರ್ಬೆಯಿಂದ ಬಂದು, "ಸಾಕು ಮಗಾ, ವರ್ಗ ಕೇಳಿಕೊಂಡು ಬಾ," ಎಂದರು.

"ಓಡಿ ಹೋದ್ರೆ ಹೌದು ಅಂತ ಆಗ್ತದೆ ಅಪ್ಪ. ನಾನು ಇಲ್ಲೇ ಇರ್ತೇನೆ."

ತೀರ್ಥರಾಮ ಎದುರಾದರೆ ದಾರಿ ಬದಲಿಸುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಹೆಗಲಲ್ಲಿ ಏನಿತ್ತೆಂದು ಸೇವಂತಿಗೆ ಹೇಗೆ ಗೊತ್ತಾಗಬೇಕು? ದ್ವೇಷ ಎಂದುಕೊಂಡಳು. ಎಂದುಕೊಂಡು ದಿಂಬು ತೋಯಿಸಿದಳು.

*

ಮರುವರ್ಷದ ಆಟಿ ಹತ್ತಿರ ಬಂತು. ಊರಲ್ಲಿ ಹೊಸ ಹೆದರಿಕೆ ಶುರುವಾಯಿತು. ತೊಗಟೆ ಯಾರು ತರುವುದು? ಯಾರನ್ನು ನಂಬುವುದು? ಕುಡಿದರೆ ವಿಷವೋ ಏನೋ, ಕುಡಿಯದಿದ್ದರೆ ವರ್ಷವಿಡೀ ಏನು ಕಾದಿದೆಯೋ. ಅತ್ತ ದರಿ, ಇತ್ತ ಪುಲಿ! ಮೇದಪ್ಪನವರೇ, "ಈ ವರ್ಷ ಯಾರೂ ಕುಡಿಯುದು ಬೇಡ," ಎಂದುಬಿಟ್ಟರು. ಮುದುಕರು ಮುಖ ಸಪ್ಪೆ ಮಾಡಿಕೊಂಡರು.

ಒಂದು ಸಂಜೆ ಮಕ್ಕಳು ಹೋದ ಮೇಲೆ, ಸೇವಂತಿ ಬೋರ್ಡು ಒರೆಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

"ಟೀಚರ್."

ಒಂದು ವರ್ಷದ ಮೇಲೆ ಕೇಳಿದ ಸ್ವರ. ಅವಳು ತಿರುಗಲಿಲ್ಲ.

"ಹಾಲೆಮರ ಗುರುತು ಮಾಡಿ ಕೊಡ್ಬೇಕು ನೀವು. ನೀವೂ ಮಕ್ಕಳೂ. ಅವ್ವ ಕೇಳ್ತಿದ್ದಾರೆ. ಈ ಊರಲ್ಲಿ ಮರದ ಗುರ್ತ ಇರುದು ಆ ಮಕ್ಕಳಿಗೆ ಮಾತ್ರ ಅಂತ."

"ವಿಷದ ಟೀಚರ್ ಹತ್ರ ಮದ್ದು ಕೇಳ್ಲಿಕ್ಕೆ ಬಂದ್ರಾ?"

"ನಿಮ್ಮ ತಪ್ಪಲ್ಲ ಅದು."

ಸೇವಂತಿ ಗರಕ್ಕನೆ ತಿರುಗಿದಳು. "ಎಂತ ಹೇಳಿದ್ರಿ?"

"ಹಿಂದಿನ ಸಂಜೆ ನಾನು ನೂಲು ಕಟ್ಟಬೇಕಿತ್ತು. ಕಟ್ಟಲಿಲ್ಲ. ನಿಮ್ಮ ಸಂಗಡ ಹೊಳೆಬದಿಯಲ್ಲಿ ಕೂತುಬಿಟ್ಟೆ. ಬೆಳಿಗ್ಗೆ ಕತ್ತಲೆಗೆ ಹೋದಾಗ ಒಂದು ಮರಕ್ಕೆ ನೂಲು ಕೈಗೆ ಸಿಕ್ಕಿತು. ಮಕ್ಕಳ ನೂಲು ನೆನಪಿಗೇ ಬರ್ಲಿಲ್ಲ, ಯಾರೋ ನೆರೆಮನೆಯವರು ಕಟ್ಟಿದ್ದು, ಹಾಲೆಯೇ ಇರಬೇಕು ಅಂದುಕೊಂಡೆ. ಹಾಲೆ ಆದ್ರೆ ಜಜ್ಜಿದಲ್ಲಿ ಬಿಳಿ ಹಾಲು ಬರ್ತದೆ. ಬೆರಳಿಗೆ ಅಂಟು ಬಂತಾ ಅಂತ ನೋಡಬೇಕಿತ್ತು. ನೋಡಲಿಲ್ಲ ಟೀಚರ್. ನನ್ನ ಮನಸ್ಸು ಅಲ್ಲಿರ್ಲೇ ಇಲ್ಲ, ನಿಮ್ಮ ಹತ್ರ ಇತ್ತು..."

"ಇದು ನಿಮಗೆ ಆ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು."

"ಸಭೆಯಲ್ಲಿ?"

"ಆಗ್ಲೂ ಗೊತ್ತಿತ್ತು." ಅವನ ತಲೆ ಇನ್ನೂ ಕೆಳಗಾಯಿತು. "ಹೆತ್ತ ತಾಯಿಗೆ ವಿಷ ಅರೆಸಿದ ಮಗ ಅಂತ ಊರು ಹೇಳ್ತದೆ ಅಂತ ಹೆದರಿದೆ."

"ನನಗೆ ಹೇಳಿತಲ್ಲ ಊರು!" ಸೇವಂತಿಯ ಸ್ವರ ಸೂರಿಗೆ ಬಡಿಯಿತು. ಒಂದು ವರ್ಷ ಸೆರಗಿನಲ್ಲಿ ತುರುಕಿಟ್ಟ ಅಳುವೆಲ್ಲ ಈಗ ಹೊರಗೆ ಬಂತು. "ದಿನಾ ಹೇಳಿತು! ಬಾವಿಕಟ್ಟೆಯಲ್ಲಿ, ಅಂಗಡಿಯಲ್ಲಿ, ದಾರಿಯಲ್ಲಿ! ನೀವು ಕೇಳಿಕೊಂಡು ಸುಮ್ಮನೆ ಇದ್ರಿ! ಮಕ್ಕಳನ್ನು ಜಗಲಿಯಲ್ಲಿ ಕಟ್ಟಿ ಹಾಕಿದ್ರಿ! ನಾನು... ನಾನು ನಿಮ್ಮನ್ನು ಎಷ್ಟು..."

ಅವಳು ಬೋರ್ಡಿನ ಕಡೆ ತಿರುಗಿಬಿಟ್ಟಳು.

"ಎಷ್ಟು?" ಎಂದ ಅವನು ಮೆಲ್ಲಗೆ.

"ಅದನ್ನು ಕೇಳ್ಲಿಕ್ಕೆ ನಿಮಗೆ ಬಾಯಿ ಇಲ್ಲ ಈಗ!" ಅವಳು ಕಣ್ಣೊರೆಸಿಕೊಂಡಳು. "ಕಾಸರಕಕ್ಕೆ ನೂಲು ಕಟ್ಟಿಸಿದ್ದು ನನ್ನ ತಪ್ಪು. ನಾನು ಅದನ್ನು ಎಲ್ಲರೆದುರು ಒಪ್ಪಿದ್ದೇನೆ. ನಿಮ್ಮದನ್ನು ನೀವು ಅದೇ ಜಗಲಿಯಲ್ಲಿ, ಅದೇ ಜನರೆದುರು ಹೇಳಿ. ಮತ್ತೆ ಬನ್ನಿ ಗುರುತು ಕೇಳ್ಲಿಕ್ಕೆ."

ಅವನು ಹೊರಟುಹೋದ. ಬರುವುದಿಲ್ಲ ಎಂದೇ ಅವಳು ಲೆಕ್ಕ ಹಾಕಿದಳು.

ಭಾನುವಾರ ಜಗಲಿ ತುಂಬ ಜನ. ನಡುವೆ ತೀರ್ಥರಾಮ ನಿಂತಿದ್ದ. ಏನನ್ನೂ ಮುಚ್ಚಿಡದೆ ಹೇಳಿದ. ಹೊಳೆಬದಿಯ ಸಂಜೆಯನ್ನೂ ಹೇಳಿದ.

"ಅವ್ವನಿಗೆ ವಿಷ ಕೊಟ್ಟದ್ದು ನನ್ನ ಸಸಾರ. ಒಂದು ವರ್ಷ ಅದನ್ನು ಒಬ್ಬ ಹೆಣ್ಣಿನ ತಲೆಗೆ ಕಟ್ಟಿ ಅಡ್ಡಾಡಿದೆ. ಉಗುಳುದಾದ್ರೆ ನನಗೆ ಉಗುಳಿ."

"ಛೀ!" ಎಂದರು ಯಾರೋ. ಮೇದಪ್ಪನವರ ಹುಬ್ಬು ಗಂಟಿಕ್ಕಿತು. "ಈಗ ಎಂತ ಹೇಳಿದ್ರೂ ಅಷ್ಟೇ. ಗುರುತು ಯಾರು ಮಾಡಿದ್ರೂ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಇಡುದಿಲ್ಲ."

"ನಾನು ಇಡ್ತೇನೆ," ಎಂದರು ದುಗ್ಗಮ್ಮ, ಕೋಲೂರಿಕೊಂಡು ಎದ್ದು. "ಸತ್ತು ಬಂದವಳು ನಾನು. ನನಗಿಲ್ಲದ ಹೆದರಿಕೆ ನಿಮಗೆಂತಕ್ಕೆ? ಟೀಚರಮ್ಮ, ಮಕ್ಕಳನ್ನು ಇಳಿಸು ಗುಡ್ಡೆಗೆ."

*

ಹಗಲು ಹೊತ್ತಿನಲ್ಲೇ ಮಕ್ಕಳು ಓಡಿದರು. ಒಂದು ವರ್ಷದ ಮೇಲೆ ಬಿಟ್ಟ ಕರುಗಳ ಹಾಗೆ! ಹಿಂದೆ ಹಿಂದೆ ಒಂದೊಂದು ಮನೆಯ ಹಿರಿಯರು ಏದುಸಿರು ಬಿಡುತ್ತ ಹತ್ತಿದರು.

"ಹಾಲೆ!" ಸೇವಂತಿ ಕೂಗಿದಳು. ಮಕ್ಕಳು ಓಡಿ ಮುಟ್ಟಿದರು. ಒಬ್ಬಳು ಒಂದೇ ಗಂಟಿನ ಏಳು ಎಲೆ ಎಣಿಸಿದಳು, ಒಬ್ಬ ಉಗುರಿನಿಂದ ಚೂರೇ ಗೀರಿ ಬಿಳಿ ಹಾಲು ತೋರಿಸಿದ. ಹಿರಿಯರು ಮುಟ್ಟಿ ನೋಡಿ ತಲೆಯಾಡಿಸಿದ ಮೇಲೆಯೇ ನೂಲು.

"ಕಾಸರಕ!" ಎಂದಾಗ ಪೂವಮ್ಮ ಎಲ್ಲರಿಗಿಂತ ಮೊದಲು ಓಡಿದಳು.

"ಟೀಚರ್, ಇದಕ್ಕೆ ನೂಲು ಬೇಡ. ಮುಳ್ಳು ಕಟ್ಟುವ. ಕತ್ತಲೆಯಲ್ಲಿ ಕೈ ಹಾಕಿದ್ರೆ ಚುಚ್ಚಬೇಕು. ಆಗ ಅಜ್ಜಿಗೂ ಎಂತ ಆಗುದಿಲ್ಲ, ಮರಕ್ಕೂ ಎಂತ ಆಗುದಿಲ್ಲ."

ಸೇವಂತಿ ಮಗುವಿನ ಮುಖವನ್ನೇ ನೋಡಿದಳು. ಮುಳ್ಳಿನ ಕೊಂಬೆ ತಂದು ಸುತ್ತಿದ್ದು ತೀರ್ಥರಾಮ. ಕೈಯೆಲ್ಲ ಗೀರಿತ್ತು. ಸೇವಂತಿಗೆ ಅದು ಕಾಣಿಸಿತು, ಆದರೂ ಮುಂದಿನ ಮರದ ಕಡೆ ನಡೆದಳು. ಸಿಟ್ಟು ಅಷ್ಟು ಬೇಗ ಇಳಿಯುವುದಕ್ಕೆ ಅದೇನು ಹಾಲಿನ ಉಕ್ಕೇ?

ಅಮಾವಾಸ್ಯೆಯ ನಸುಕು. ದುಗ್ಗಮ್ಮನ ಅಂಗಳಕ್ಕೆ ಅರ್ಧ ಊರು ಬಂದು ನಿಂತಿತ್ತು. ತೀರ್ಥರಾಮ ತೊಗಟೆ ತಂದಿದ್ದ. ಅರೆದು, ಹಿಂಡಿ, ಬಿಸಿ ಬೆಣಚುಕಲ್ಲು ಅದ್ದಿ, ಲೋಟಕ್ಕೆ ಹೊಯ್ದಾಯಿತು. ಲೋಟದ ಮೇಲೆ ಎಲ್ಲರ ಕಣ್ಣು. ಯಾರ ಕೈಯೂ ಮುಂದೆ ಬರಲಿಲ್ಲ.

ದುಗ್ಗಮ್ಮ ಕೈ ಚಾಚಿದರು. ಸೇವಂತಿ ತಡೆದಳು.

"ನೀವಲ್ಲ ಅಮ್ಮ. ಗುರುತು ಮಾಡಿದವಳು ನಾನು. ಮೊದಲು ನಾನೇ ಕುಡೀಬೇಕು."

ಲೋಟ ತುಟಿಯ ಹತ್ತಿರ ಹೋಗುವಷ್ಟರಲ್ಲಿ ಅವನ ಕೈ ಅವಳ ಮಣಿಕಟ್ಟು ಹಿಡಿಯಿತು.

"ಜಜ್ಜಿ ತಂದವನು ನಾನು. ಕೊಡಿ ಇಲ್ಲಿ."

"ಬಿಡಿ ಕೈ."

"ಬಿಡುದಿಲ್ಲ. ಹೋದ ವರ್ಷ ಬಿಟ್ಟೆ. ಸಾಕು ಅದು."

"ನಂಬಿಕೆ ಉಂಟಾ ನನ್ನ ಮೇಲೆ?"

"ನಿಮ್ಮ ಮೇಲೆ ಯಾವತ್ತೂ ಇತ್ತು. ನನ್ನ ಮೇಲೆ ಇರ್ಲಿಲ್ಲ." "ನೀವು ಹಾಲೆ ಅಂತ ಹೇಳಿದ್ರೆ ಅದು ಹಾಲೆ. ವಿಷ ಅಂತ ಹೇಳಿ ಕೊಟ್ರೂ ನಾನು ಕುಡೀತೇನೆ ಸೇವಂತಿ."

ಅಷ್ಟು ಜನರ ಎದುರು ಮೊದಲ ಸಲ ಹೆಸರು! ಅವಳು ಏನಾದರೂ ಹೇಳುವ ಮೊದಲೇ ಅವನು ಲೋಟ ಎತ್ತಿ ಕುಡಿಯತೊಡಗಿದ. ಗಟಗಟ. ಸೇವಂತಿ ಕಿತ್ತುಕೊಂಡಳು. ಅರ್ಧ ಉಳಿದಿತ್ತು. ಕಣ್ಣು ಮುಚ್ಚಿ ಅದನ್ನು ತಾನು ಕುಡಿದಳು.

ಕಹಿ! ನಾಲಿಗೆಯಿಂದ ಹೊಟ್ಟೆಯವರೆಗೆ ಕಹಿ.

ಇನ್ನು ಕಾಯುವುದು.

ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದರು. ಮೇದಪ್ಪನವರು ಅವರ ಮುಖವನ್ನೇ ನೋಡುತ್ತ ನಿಂತರು. ಕುಂಞಿ ಮೋನು ಜೀಪು ತಿರುಗಿಸಿ ಇಟ್ಟಿದ್ದ. ಪೂವಮ್ಮ ಟೀಚರ ಸೆರಗು ಹಿಡಿದು ನಿಂತಿದ್ದಳು.

ಸೇವಂತಿಗೆ ಕುತ್ತಿಗೆ ಸೆಳೆದ ಹಾಗಾಯಿತು. ವಿಷವೇ? ಹೆದರಿಕೆಯೇ? ಅವಳ ಕೈ ಜಗಲಿಯ ಮೇಲೆ ಸರಿದು ಅವನ ಕೈಯನ್ನು ಹುಡುಕಿತು. ಅವನು ಹಿಡಿದುಕೊಂಡ. ಮುಳ್ಳು ಗೀರಿದ ಅಂಗೈ.

"ಹೆದರಿಕೆ ಆಗ್ತದಾ?"

"ಹೂಂ. ನಿಮಗೆ?"

"ಇಲ್ಲ. ಒಂದು ವರ್ಷದ ಮೇಲೆ ಇವತ್ತೇ ಹೆದರಿಕೆ ಇಲ್ಲ." ಮತ್ತೆ ಕೇಳಿದ. "ಆ ದಿನ ಒಂದು ಮಾತು ಅರ್ಧಕ್ಕೆ ಬಿಟ್ಟಿರಿ. 'ನಿಮ್ಮನ್ನು ನಾನು ಎಷ್ಟು' ಅಂತ."

"ಈಗ ಕೇಳುದಾ ಅದನ್ನು?"

"ಮತ್ತೆ ಕೇಳ್ಲಿಕ್ಕೆ ನಾನು ಇರ್ತೇನೋ ಇಲ್ಲವೋ."

"ಇರ್ತೀರಿ! ಅದು ಹಾಲೆ. ನನ್ನ ಮಕ್ಕಳು ಮುಟ್ಟಿ ಹೇಳಿದ್ದು," ಎಂದಳು ಸೇವಂತಿ. ಅಷ್ಟು ಹೇಳಿದ್ದೇ ಕುತ್ತಿಗೆಯ ಸೆಳೆತ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಾಗೆ ಕೂಗಿತು. ಯಾರ ಮೈಯೂ ಸೆಟೆಯಲಿಲ್ಲ. ಬೆಳಕು ಹರಿಯಿತು. ಹಟ್ಟಿಯಲ್ಲಿ ದನದ ಗಂಟೆ ಗಣಗಣ ಎಂದಿತು. ಪೂವಮ್ಮ ಜೋರಾಗಿ ಚಪ್ಪಾಳೆ ತಟ್ಟಿದಳು. ಇಬ್ಬರೂ ಕೂತಲ್ಲೇ ಕೂತಿದ್ದರು, ಕೈ ಬಿಡದೆ.

"ಸಾಕು ಇಬ್ಬರ ಪರೀಕ್ಷೆ!" ದುಗ್ಗಮ್ಮ ತಮ್ಮ ಪಾಲನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡರು. "ಇದು ಹಾಲೆ. ಕಹಿ ಸರಿ ಉಂಟು."

ಮೇದಪ್ಪನವರು ಮುಂದೆ ಬಂದು ಲೋಟಕ್ಕೆ ಕೈ ಚಾಚಿದರು. "ಟೀಚರ್, ನಾಳೆಯಿಂದ ಮಕ್ಕಳನ್ನು ಹೊರಗೆ ಬಿಡಿ," ಎಂದಷ್ಟೇ ಹೇಳಿದರು. ಹಿಂದೆ ಸಾಲು ನಿಂತಿತು.

ದುಗ್ಗಮ್ಮ ಮೆಂತೆ ಗಂಜಿಯ ಬಟ್ಟಲು ತಂದು ಸೇವಂತಿಯ ಮುಂದೆ ಇಟ್ಟರು. "ಕುಡಿ ಮಗಾ, ಕಷಾಯ ಉಷ್ಣ, ಇದು ತಂಪು. ಮತ್ತೆ, ದರ್ಬೆಗೆ ನಿನ್ನ ಅಪ್ಪನ ಹತ್ರ ಯಾವಾಗ ಬರಬೇಕು ಹೇಳು. ನಮ್ಮ ಮನೆಯ ಮರ ಗುರುತು ಮಾಡುವವರು ಇನ್ನು ಹೊರಗಿನಿಂದ ಬರುದು ಬೇಡ."

ಸೇವಂತಿಯ ಮೂಗಿನ ತುದಿ ಕೆಂಪಾಯಿತು. ಈ ಸಲ ಸಿಟ್ಟಿಗಲ್ಲ.

ಜನರೆಲ್ಲ ಲೋಟದ ಸುತ್ತ ಸೇರಿದ್ದರು. ತೀರ್ಥರಾಮ ಮೆಲ್ಲಗೆ ಬಾಗಿದ.

"ಸೇವಂತಿ, ನನ್ನನ್ನು ಕ್ಷಮಿಸಿದಿಯಾ?"

"ಪೂರ್ತಿ ಇಲ್ಲ. ಒಂದು ವರ್ಷದ್ದು ಉಂಟು, ಮೆಲ್ಲ ಮೆಲ್ಲ ಕ್ಷಮಿಸ್ತೇನೆ."

"ಎಷ್ಟು ಕಾಲ ಬೇಕು?"

"ಅವಸರ ಎಂತ? ನಿಮ್ಮ ಮನೆಯಲ್ಲೇ ಇರ್ತೇನಲ್ಲ."

ಅವನ ಕಣ್ಣು ತುಂಬಿತು. ನಗುವುದಕ್ಕೆ ನೋಡಿದ, ಆಗಲಿಲ್ಲ. "ಮುಂದಿನ ವರ್ಷ ಲೋಟ ಪೂರ್ತಿ ನನಗೇ ಕೊಡು. ನೀನು ಕುಡಿಯುವಾಗ ನನ್ನ ಜೀವ ಹೋಯಿತು."

"ಆಗುದಿಲ್ಲ. ಅರ್ಧ ನಿಮಗೆ."

"ಇನ್ನರ್ಧ?"

"ನನ್ನದು," ಎಂದಳು ಸೇವಂತಿ, ಅವನ ಗೀರಿದ ಅಂಗೈಯನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡು. "ಏನು ಬಂದ್ರೂ ಇನ್ನು ಒಬ್ಬರೇ ಕುಡಿಯುದು ಬೇಡ."